ಗ್ಯಾರೇಜಿನ ಬಾಗಿಲಿಗೆ ಉಷ್ಣನಿರೋಧಕ: ಕೊಟ್ಟ ಹಣಕ್ಕೆ ತಕ್ಕ ಲಾಭವಿದೆಯೇ?

ಕರ್ನಾಟಕದಲ್ಲಿ ಗ್ಯಾರೇಜು ಎಂದೊಡನೆ ನೆನಪಾಗುವುದು ಸ್ಕೂಟರು, ಕಾರುಗಳನ್ನು ರಿಪೇರಿ ಮಾಡುವ ಅಂಗಡಿ. ಅಮೆರಿಕ ಮತ್ತು ಕೆನಡಾದ ಉಪನಗರಗಳಲ್ಲಿ ಹಾಗಲ್ಲ. ಅಲ್ಲಿ ಗ್ಯಾರೇಜೆಂಬುದು ಮನೆಗೇ ಅಂಟಿಕೊಂಡ ದೊಡ್ಡ ಕೋಣೆ. ಕಾರಿನ ಜೊತೆಗೆ ಹಿಮ ತೆಗೆಯುವ ಸಲಿಕೆ, ಎರಡನೆಯ ಫ್ರಿಜ್ಜು, ಎಷ್ಟೋ ಮನೆಗಳಲ್ಲಿ ಬಟ್ಟೆ ಒಗೆಯುವ ಯಂತ್ರ, ಊರಿಂದ ತಂದು ಇನ್ನೂ ಬಿಚ್ಚದ ಪೆಟ್ಟಿಗೆಗಳು, ಎಲ್ಲಕ್ಕೂ ಅದೇ ಆಶ್ರಯ. ಎರಡು ಕಾರು ನಿಲ್ಲುವ ಗ್ಯಾರೇಜಿನ ಬಾಗಿಲು ಸಾಮಾನ್ಯವಾಗಿ 16 ಅಡಿ ಅಗಲ, 7 ಅಡಿ ಎತ್ತರ ಇರುತ್ತದೆ. ಅಂದರೆ 112 ಚದರ ಅಡಿ. ಮನೆಯಲ್ಲಿ ಇದಕ್ಕಿಂತ ದೊಡ್ಡದಾಗಿ ಚಲಿಸುವ ವಸ್ತು ಇನ್ನೊಂದಿಲ್ಲ.

ಮಿನಿಯಾಪೊಲಿಸ್‌ನಂಥ ಊರಿನಲ್ಲಿ ಜನವರಿಯ ಸರಾಸರಿ ಉಷ್ಣಾಂಶ ಶೂನ್ಯಕ್ಕಿಂತ ಸುಮಾರು 9 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಇಂಥ ಕಡೆ ಮೊದಲ ಬಾರಿ ಸ್ವಂತ ಮನೆ ಕೊಂಡ ಕುಟುಂಬಕ್ಕೆ ಮೊದಲ ಚಳಿಗಾಲದ ಬಿಲ್ಲು ಕಂಡೊಡನೆ ಕಣ್ಣು ಹೋಗುವುದು ಈ ಬೃಹತ್ ತಗಡಿನ ಬಾಗಿಲಿನ ಮೇಲೆ. ಉಷ್ಣನಿರೋಧಕ ಬಾಗಿಲು ಹಾಕಿಸಿದರೆ ಬಿಲ್ಲು ಇಳಿಯುವುದೆಂದು ಮಾರಾಟಗಾರರೂ ಹೇಳುತ್ತಾರೆ. ಆ ಮಾತು ಕೆಲವು ಮನೆಗಳ ಮಟ್ಟಿಗೆ ನಿಜ. ಹೆಚ್ಚಿನ ಮನೆಗಳಲ್ಲಿ ಅದೇ ಹಣಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗವಿದೆ.

ಬಾಗಿಲುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಒಂದೇ ಪದರದ ಉಕ್ಕಿನ ತಗಡು. ಇದಕ್ಕೆ ಉಷ್ಣನಿರೋಧಕ ಗುಣವೇ ಇಲ್ಲವೆನ್ನಬಹುದು. ಎರಡನೆಯದರಲ್ಲಿ ತಗಡಿನ ಹಿಂದೆ ಪಾಲಿಸ್ಟೈರೀನ್, ಅಂದರೆ ನಮ್ಮ ಥರ್ಮೊಕೋಲ್ ಜಾತಿಯ ಹಲಗೆಯನ್ನು ಕೂರಿಸಿರುತ್ತಾರೆ. ಮೂರನೆಯದರಲ್ಲಿ ಎರಡು ತಗಡುಗಳ ನಡುವೆ ಪಾಲಿಯುರಿಥೇನ್ ನೊರೆಯನ್ನು ತುಂಬಿ ಗಟ್ಟಿಯಾಗಿಸಲಾಗುತ್ತದೆ. ಫ್ರಿಜ್ಜಿನ ಗೋಡೆಯೊಳಗಿರುವುದೂ ಇದೇ ವಸ್ತು. ನೊರೆ ತಗಡಿಗೆ ಅಂಟಿಕೊಳ್ಳುವುದರಿಂದ ಬಾಗಿಲು ಗಟ್ಟಿಯಾಗುತ್ತದೆ, ಏರುವಾಗ ಇಳಿಯುವಾಗ ಗಡಗಡ ಸದ್ದೂ ತಗ್ಗುತ್ತದೆ.

ಆರ್-ಮೌಲ್ಯದ ಒಳಗುಟ್ಟು

ಉಷ್ಣ ಹರಿಯುವುದನ್ನು ಒಂದು ವಸ್ತು ಎಷ್ಟು ತಡೆಯುತ್ತದೆ ಎಂಬುದನ್ನು ಅಮೆರಿಕದಲ್ಲಿ ಆರ್-ಮೌಲ್ಯ ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಸಂಖ್ಯೆ ದೊಡ್ಡದಾದಷ್ಟೂ ತಡೆ ಹೆಚ್ಚು. ಥರ್ಮೊಕೋಲ್ ಬಾಗಿಲುಗಳ ಮೇಲೆ ಸಾಮಾನ್ಯವಾಗಿ 6ರಿಂದ 9, ನೊರೆ ತುಂಬಿದವುಗಳ ಮೇಲೆ 12ರಿಂದ 18 ಎಂಬ ಅಂಕಿಗಳಿರುತ್ತವೆ. ಆದರೆ ಈ ಅಂಕಿ ಬಹುಪಾಲು ಹಲಗೆಯ ನಡುಭಾಗಕ್ಕೆ ಲೆಕ್ಕ ಹಾಕಿದ್ದು. ಹಲಗೆಗಳು ಕೂಡುವ ಸಂದು, ಅಂಚಿನ ಉಕ್ಕು, ಕಿಟಕಿಯ ಗಾಜು, ಚೌಕಟ್ಟಿನ ಸುತ್ತ ನುಸುಳುವ ಗಾಳಿ ಇವು ಯಾವುವೂ ಅದರಲ್ಲಿ ಸೇರಿಲ್ಲ. ಇಡೀ ಬಾಗಿಲನ್ನು ಜೋಡಿಸಿ ಅಳೆಯುವ ವಿಧಾನವನ್ನು ಅಲ್ಲಿನ ಬಾಗಿಲು ತಯಾರಕರ ಸಂಘವಾದ ಡಾಸ್ಮಾ, ತನ್ನ 105ನೇ ಸಂಖ್ಯೆಯ ಮಾನದಂಡದಲ್ಲಿ ಗೊತ್ತುಮಾಡಿದೆ. ಹಾಗೆ ಅಳೆದಾಗ ಬರುವ ಮೌಲ್ಯ ಜಾಹೀರಾತಿನ ಅಂಕಿಗಿಂತ ಬಹಳ ಕಡಿಮೆ. ಕೊಳ್ಳುವವರು ಕೇಳಬೇಕಾದದ್ದು ಇದನ್ನು, ಅದರ ಜೊತೆಗೆ ಗಾಳಿ ಸೋರಿಕೆಯ ಪ್ರಮಾಣವನ್ನು.

ಅಂಕಿ ಮೂರು ಪಟ್ಟಾದರೆ ಲಾಭವೂ ಮೂರು ಪಟ್ಟು ಎಂಬ ಭ್ರಮೆಯೂ ಸಾಮಾನ್ಯ. ಹೀಟರ್ ಹಚ್ಚಿ ಗ್ಯಾರೇಜನ್ನು ಸದಾ 10 ಡಿಗ್ರಿಯಲ್ಲಿ ಇಡಲಾಗಿದೆ, ಹೊರಗೆ ಶೂನ್ಯಕ್ಕಿಂತ 9 ಡಿಗ್ರಿ ಕಡಿಮೆ ಇದೆ ಎಂದಿಟ್ಟುಕೊಳ್ಳೋಣ. 112 ಚದರ ಅಡಿಯ ಬರಿ ತಗಡಿನ ಬಾಗಿಲಿನ ಮೂಲಕ ಸುಮಾರು 1300 ವ್ಯಾಟ್ ಶಾಖ ಹೊರಗೆ ಹರಿದುಹೋಗುತ್ತದೆ. ಒಂದು ಕೋಣೆಯ ಹೀಟರ್ ಇಡೀ ದಿನ ಬೀದಿಗೆ ಮುಖ ಮಾಡಿ ಉರಿದಂತೆ. ನಿಜವಾದ ತಡೆ ಆರ್-6 ಇದ್ದರೆ ಈ ನಷ್ಟ 190 ವ್ಯಾಟ್‌ಗೆ ಇಳಿಯುತ್ತದೆ. ನಿಜವಾಗಿಯೇ ಆರ್-18 ಸಿಕ್ಕರೂ 60 ವ್ಯಾಟ್‌ಗೆ ಇಳಿದೀತು, ಅಷ್ಟೆ. ಮೊದಲ ಹೆಜ್ಜೆ ದಿನಕ್ಕೆ ಸುಮಾರು 27 ಯೂನಿಟ್ ಉಳಿಸಿದರೆ ಎರಡನೆಯ ಹೆಜ್ಜೆ ಉಳಿಸುವುದು 3 ಯೂನಿಟ್. ಅತಿ ದುಬಾರಿ ಬಾಗಿಲನ್ನೇ ಆರಿಸುವವರು ಹೆಚ್ಚಿನ ಹಣ ತೆರುವುದು ಈ ಮೂರು ಯೂನಿಟ್‌ಗಾಗಿ. ಗಟ್ಟಿತನ, ಸದ್ದಿಲ್ಲದಿರುವುದು ಬೇಕೆಂದು ಕೊಂಡರೆ ಅದು ಬೇರೆ ಮಾತು.

ಹೀಟರ್ ಇಲ್ಲದ ಗ್ಯಾರೇಜು

ಬಹುಪಾಲು ಗ್ಯಾರೇಜುಗಳಲ್ಲಿ ಹೀಟರ್ ಇರುವುದಿಲ್ಲ. ಅಲ್ಲಿ ಬಾಗಿಲು ಕಾಯುವುದು ಮನೆಯ ಶಾಖವನ್ನಲ್ಲ, ಗ್ಯಾರೇಜಿನ ಚಳಿಯ ತೀವ್ರತೆಯನ್ನು ಮಾತ್ರ. ಹೊಸ ಬಾಗಿಲಿನಿಂದ ಗ್ಯಾರೇಜು 6 ಡಿಗ್ರಿಯಷ್ಟು ಬೆಚ್ಚಗಾಯಿತು ಎಂದುಕೊಂಡರೂ, ಮನೆಗೂ ಗ್ಯಾರೇಜಿಗೂ ನಡುವಿನ 180 ಚದರ ಅಡಿ ಗೋಡೆಯಲ್ಲಿ ಆರ್-13 ಪದರವಿದ್ದರೆ ಮನೆಗೆ ಉಳಿಯುವುದು 45 ವ್ಯಾಟ್‌ನಷ್ಟು. ದಿನಕ್ಕೆ ಒಂದು ಯೂನಿಟ್. ಯೂನಿಟ್‌ಗೆ 15 ಸೆಂಟ್ ಎಂದು ಹಿಡಿದರೆ ನಾಲ್ಕೂವರೆ ತಿಂಗಳ ಚಳಿಗಾಲಕ್ಕೆ ಸುಮಾರು 20 ಡಾಲರ್. ಗ್ಯಾಸ್‌ನಿಂದ ಕಾಯಿಸುವ ಮನೆಗಳಲ್ಲಿ ಅದೂ ಇಲ್ಲ.

ರಿಮಾಡೆಲಿಂಗ್ ಎಂಬ ಅಮೆರಿಕನ್ ಪತ್ರಿಕೆಯ 2024ರ ವೆಚ್ಚ ವರದಿಯ ಪ್ರಕಾರ ಗ್ಯಾರೇಜ್ ಬಾಗಿಲು ಬದಲಿಸುವ ಸರಾಸರಿ ಖರ್ಚು 4500 ಡಾಲರ್‌ಗೂ ತುಸು ಹೆಚ್ಚು. ಚೆನ್ನಾಗಿರುವ ಬಾಗಿಲನ್ನು ಕಿತ್ತು, 20 ಡಾಲರ್ ಉಳಿತಾಯಕ್ಕಾಗಿ ಇಷ್ಟು ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ. ಅದೇ ವರದಿ ಮನೆ ಮಾರುವಾಗ ಈ ಖರ್ಚಿನ ಸುಮಾರು 194 ಶೇಕಡಾ ಹಿಂದಿರುಗುವುದೆಂದು ಅಂದಾಜು ಮಾಡಿತ್ತು. ಆದರೆ ಕೊಳ್ಳಲು ಬಂದವರ ಕಣ್ಣಿಗೆ ಮೊದಲು ಬೀಳುವುದು ಬಾಗಿಲಿನ ಅಂದ, ಒಳಗಿನ ನೊರೆಯಲ್ಲ. ಹಳೆಯ ಬಾಗಿಲು ಹೇಗಿದ್ದರೂ ಕೆಟ್ಟಿದೆ, ಬದಲಿಸಲೇಬೇಕು ಎಂದಾದರೆ ಲೆಕ್ಕ ಬೇರೆಯಾಗುತ್ತದೆ. ಬರಿ ತಗಡಿಗೂ ಮಧ್ಯಮ ದರ್ಜೆಯ ಉಷ್ಣನಿರೋಧಕಕ್ಕೂ ಇರುವ ಅಂತರ ಸಾಮಾನ್ಯವಾಗಿ ಕೆಲವು ನೂರು ಡಾಲರ್. ಅಷ್ಟನ್ನು ತೆರುವುದು ವಿವೇಕ.

ಮನೆಯಲ್ಲಿ ಬಾಗಿಲಿಗೆ ನಿಜವಾದ ಕೆಲಸವಿರುವ ಸಂದರ್ಭಗಳೂ ಇವೆ. ಗ್ಯಾರೇಜಿನ ಗೋಡೆಯಲ್ಲಿ ನೀರಿನ ಕೊಳವೆ ಹಾದುಹೋಗಿದ್ದರೆ ಹೊರಗಿನ ಉಷ್ಣಾಂಶ ಮೈನಸ್ 7ಕ್ಕೆ ಇಳಿಯುವಾಗಲೇ ಅದು ಹೆಪ್ಪುಗಟ್ಟುವ ಭಯ ಶುರುವಾಗುತ್ತದೆ. ಒಡೆದ ಒಂದು ಕೊಳವೆಯ ರಿಪೇರಿಗೆ ತಗಲುವ ಖರ್ಚಿನ ಮುಂದೆ ಬಾಗಿಲಿನ ಬೆಲೆ ದೊಡ್ಡದಲ್ಲ. ಇನ್ನೊಂದು, ಗ್ಯಾರೇಜಿನ ಮೇಲಿನ ಕೋಣೆ. ಅನೇಕ ಮನೆಗಳಲ್ಲಿ ಅದೇ ಅತಿಥಿಗಳ ಕೋಣೆ. ಆರು ತಿಂಗಳಿಗೆಂದು ಬೆಂಗಳೂರಿನಿಂದಲೋ ಧಾರವಾಡದಿಂದಲೋ ಬಂದ ತಂದೆತಾಯಿ ಮಲಗುವುದು ಅಲ್ಲಿ. ಕಾಲಿಟ್ಟರೆ ನೆಲ ಮಂಜುಗಡ್ಡೆ. ಇಲ್ಲಿ ಬಾಗಿಲು ನೆರವಾಗುತ್ತದೆ, ಆದರೆ ಮೊದಲು ಆಗಬೇಕಾದದ್ದು ಆ ನೆಲದ ತೊಲೆಗಳ ನಡುವೆ ಉಷ್ಣನಿರೋಧಕವನ್ನು ಒತ್ತಾಗಿ ತುಂಬಿ ಗಾಳಿಯ ಸಂದು ಮುಚ್ಚುವ ಕೆಲಸ.

ಬಿಸಿಲ ನಾಡಿನಲ್ಲೂ ಪ್ರಶ್ನೆ ಇದೇ, ದಿಕ್ಕು ಮಾತ್ರ ತಿರುವುಮುರುವು. ಅರಿಜೋನಾದ ಫೀನಿಕ್ಸ್‌ನಲ್ಲಿ 2023ರ ಬೇಸಿಗೆಯಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ದಾಟಿತ್ತು. ಅಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಕಡುಬಣ್ಣದ ತಗಡಿನ ಬಾಗಿಲು ಸಂಜೆ ಕಾದ ಕಾವಲಿಯಾಗುತ್ತದೆ. ಉಷ್ಣನಿರೋಧಕದಿಂದ ಲಾಭವುಂಟು, ತಿಳಿಬಣ್ಣ ಬಳಿಯುವುದರಿಂದಲೂ ಲಾಭವುಂಟು, ಅದು ಅಗ್ಗ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಮನೆಗೂ ಗ್ಯಾರೇಜಿಗೂ ನಡುವಿನ ಗೋಡೆಯನ್ನು. ಅಮೆರಿಕದ ಬಹುತೇಕ ರಾಜ್ಯಗಳು ಅನುಸರಿಸುವ ವಸತಿ ಸಂಹಿತೆ ಆ ಗೋಡೆಗೆ ಅರ್ಧ ಇಂಚಿನ ಜಿಪ್ಸಮ್ ಹಲಗೆಯನ್ನು ಕಡ್ಡಾಯ ಮಾಡಿದೆ. ಆ ನಿಯಮ ಬಂದದ್ದು ಬೆಂಕಿಯ ಭಯದಿಂದ, ಚಳಿಯ ಭಯದಿಂದಲ್ಲ. ಹಳೆಯ ಮನೆಗಳಲ್ಲಿ ಹಲಗೆಯ ಹಿಂದೆ ಉಷ್ಣನಿರೋಧಕ ಇಲ್ಲದಿರಬಹುದು. ವೈರು, ಕೊಳವೆಗಳು ಹಾಯುವ ರಂಧ್ರಗಳು ತೆರೆದೇ ಇರಬಹುದು. ಅವುಗಳ ಮೂಲಕ ತಣ್ಣನೆಯ ಗಾಳಿಯಷ್ಟೇ ಅಲ್ಲ, ಕಾರಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಕೂಡ ಮಲಗುವ ಕೋಣೆಯವರೆಗೆ ಬರಬಲ್ಲದು. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ಪ್ರಾಣಾಂತಕ. ಹೊಸ ಬಾಗಿಲು ಗ್ಯಾರೇಜನ್ನು ಬಿಗಿ ಮಾಡಿದಷ್ಟೂ ಹೊಗೆ ಒಳಗೇ ನಿಲ್ಲುತ್ತದೆ. ಚಳಿಗಾಲದ ಬೆಳಗ್ಗೆ ಗ್ಯಾರೇಜಿನೊಳಗೆ ಎಂಜಿನ್ ಬಿಸಿಮಾಡುವ ಅಭ್ಯಾಸವನ್ನು, ಬಾಗಿಲು ತೆರೆದಿದ್ದರೂ, ಬಿಡಲೇಬೇಕು.

ಹಳೆಯ ಬಾಗಿಲಿಗೇ ಅಂಟಿಸುವ ಹಲಗೆಗಳೂ ಅಂಗಡಿಗಳಲ್ಲಿ ಸಿಗುತ್ತವೆ. ಅಗ್ಗ, ರಜೆಯ ಒಂದು ಮಧ್ಯಾಹ್ನದ ಕೆಲಸ. ಆದರೆ ಬಾಗಿಲಿನ ತೂಕವನ್ನು ಹೊರುವುದು ಮೇಲಿನ ಸುರುಳಿ ಸ್ಪ್ರಿಂಗ್, ಮೋಟಾರಲ್ಲ. ತೂಕ ಹೆಚ್ಚಿದರೆ ಸಮತೋಲ ತಪ್ಪುತ್ತದೆ. ಮುಚ್ಚಿದ ಬಾಗಿಲಿನ ಕೆಂಪು ಹಗ್ಗ ಎಳೆದು, ಮೋಟಾರಿನಿಂದ ಬಿಡಿಸಿ, ಕೈಯಿಂದ ಸೊಂಟದ ಎತ್ತರಕ್ಕೆ ಏರಿಸಿದಾಗ ಬಾಗಿಲು ಅಲ್ಲೇ ನಿಲ್ಲಬೇಕು. ಜಾರಿದರೆ ಸ್ಪ್ರಿಂಗನ್ನು ಸರಿಪಡಿಸಬೇಕು. ಅದನ್ನು ಮನೆಯವರು ಮುಟ್ಟಬಾರದು. ಬಿಗಿದ ಸ್ಪ್ರಿಂಗ್ ಸಿಡಿದರೆ ಕೈ ಮುರಿಯುತ್ತದೆ.

ಮಾರಾಟಗಾರರನ್ನು ಕರೆಯುವ ಮುನ್ನ ಮಾಡಬಹುದಾದ ಪರೀಕ್ಷೆಯೊಂದಿದೆ. ಬಿಸಿಲಿರುವ ಹಗಲಿನಲ್ಲಿ ಗ್ಯಾರೇಜಿನ ಒಳಗೆ ನಿಂತು, ಬಾಗಿಲು ಮುಚ್ಚಿ, ದೀಪ ಆರಿಸಬೇಕು. ಕೆಳಗಿನ ಅಂಚಿನಲ್ಲಿ, ಎರಡು ಪಕ್ಕಗಳಲ್ಲಿ ಬೆಳಕಿನ ಗೆರೆ ಕಂಡರೆ ಗಾಳಿ ನುಗ್ಗುತ್ತಿರುವುದು ಅಲ್ಲಿಂದ. ಅಲ್ಲಿನ ರಬ್ಬರ್ ಪಟ್ಟಿ ಬದಲಿಸಲು ಬಾಗಿಲಿನ ಬೆಲೆಯ ಒಂದು ಸಣ್ಣ ಪಾಲು ಸಾಕು.