ಕೊಲ್ಲದೆ ಕಾಯುವ ಕಡಲಪಾಚಿ

ಕೆರೆಯಲ್ಲಿ ನೆನೆದ ಕಲ್ಲು ಮುಟ್ಟಿದರೆ ಕೈಗೆ ಲೋಳೆ ಹತ್ತುತ್ತದೆ. ಅದರಲ್ಲಿ ಬ್ಯಾಕ್ಟೀರಿಯಾಗಳ ಗುಂಪೇ ಇರುತ್ತದೆ. ಸಮುದ್ರದಲ್ಲೂ ಹಾಗೆಯೇ. ಆದರೆ ಆಸ್ಟ್ರೇಲಿಯಾದ ಸಿಡ್ನಿ ಕರಾವಳಿಯ ‘ಡೆಲಿಸಿಯಾ ಪುಲ್ಕ್ರಾ’ ಎಂಬ ಕೆಂಪು ಪಾಚಿಯ ಮೈಮೇಲೆ ಬ್ಯಾಕ್ಟೀರಿಯಾ ಕಡಿಮೆ. ಯಾಕೆ?

ಬ್ಯಾಕ್ಟೀರಿಯಾಗಳು ಒಂದಕ್ಕೊಂದು ರಾಸಾಯನಿಕ ಸಂಕೇತ ಕಳಿಸಿ ಗುಂಪು ಕಟ್ಟುತ್ತವೆ. ಪಾಚಿಯಲ್ಲಿರುವ ಫ್ಯುರನೋನ್ ಎಂಬ ವಸ್ತು ಅವುಗಳನ್ನು ಕೊಲ್ಲದೆ, ಆ ಸಂಕೇತವನ್ನೇ ಕೆಡಿಸುತ್ತದೆ. ಸಿಡ್ನಿಯ ಪೀಟರ್ ಸ್ಟೈನ್‌ಬರ್ಗ್ ಮತ್ತು ಜೊತೆಗಾರರು ಡೆನ್ಮಾರ್ಕಿನ ವಿಜ್ಞಾನಿಗಳೊಂದಿಗೆ 1996ರಲ್ಲಿ ಇದನ್ನು ಪ್ರಕಟಿಸಿದರು. ಆ್ಯಂಟಿಬಯಾಟಿಕ್‌ಗೆ ಬಗ್ಗದ ರೋಗಾಣು ಹೆಚ್ಚುತ್ತಿದ್ದ ಕಾಲ. ಹೊಸ ಆಸೆ ಹುಟ್ಟಿತು. ಆದರೆ ಫ್ಯುರನೋನ್ ನಮ್ಮ ಜೀವಕೋಶಗಳಿಗೂ ವಿಷ. ಮಾತ್ರೆಯಾಗಲಿಲ್ಲ, ಹುಡುಕುವ ದಾರಿ ತೋರಿಸಿತು.

2011ರಲ್ಲಿ ಕೆಟ್ಟ ಸುದ್ದಿಯೂ ಬಂತು. ನೀರು ಬಿಸಿಯಾದರೆ ಪಾಚಿಯಲ್ಲಿ ಫ್ಯುರನೋನ್ ತಗ್ಗುತ್ತದೆ. ಬ್ಯಾಕ್ಟೀರಿಯಾ ಒಳನುಗ್ಗಿ ಪಾಚಿ ಬಿಳಿಚಿಕೊಳ್ಳುತ್ತದೆ. ಕಡಲು ಕಾದರೆ ಕೈತಪ್ಪುವುದು ಮೀನಷ್ಟೇ ಅಲ್ಲ, ನಾಳೆಯ ಮದ್ದೂ ಹೌದು.