ಬೆಂಗಳೂರು ಘೋಷಣೆ (ಸಮುದಾಯ ಬಾನುಲಿ)

ಬೆಂಗಳೂರು ಘೋಷಣೆಯು ಭಾರತದಲ್ಲಿ ಸಮುದಾಯ ಬಾನುಲಿಗೆ ಅವಕಾಶ ಕೋರಿದ ದಾಖಲೆ. ‘ವಾಯ್ಸಸ್’ ಸಂಸ್ಥೆಯು ೧೯೯೬ರ ಸೆಪ್ಟೆಂಬರಿನಲ್ಲಿ ಕರೆದ ಸಮಾಲೋಚನಾ ಸಭೆಯಲ್ಲಿ ಬಾನುಲಿ ಪ್ರಸಾರಕರು, ನೀತಿ ನಿರೂಪಕರು, ಮಾಧ್ಯಮ ತಜ್ಞರು ಹಾಗೂ ಸ್ವಯಂಸೇವಾ ಸಂಸ್ಥೆಗಳ ಪ್ರತಿನಿಧಿಗಳು ಇದನ್ನು ರೂಪಿಸಿದರು. ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು ೧೯೯೫ರಲ್ಲಿ ನೀಡಿದ ತೀರ್ಪು ಇದರ ಹಿನ್ನೆಲೆ.

ಅನುಮತಿ ಮಾತ್ರ ತೀರ ತಡವಾಗಿ ಬಂದಿತು: ೨೦೦೨ರಲ್ಲಿ ಶಿಕ್ಷಣ ಸಂಸ್ಥೆಗಳಿಗಷ್ಟೇ, ೨೦೦೬ರ ನವೆಂಬರಿನಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಕೃಷಿ ವಿಶ್ವವಿದ್ಯಾಲಯಗಳಿಗೂ. ಆ ನಡುವೆ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ಯು ಪರವಾನಗಿಗೆ ಕಾಯದೆ ಕೇಬಲ್ ತಂತಿಯ ಮೂಲಕವೇ ಹಳ್ಳಿಯ ಮನೆಗಳನ್ನು ತಲುಪಿತು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಮುದಾಯ ಬಾನುಲಿಯು ೨೦೦೭ರಲ್ಲಿ ಆರಂಭವಾಯಿತು.

ಹಣದ ಪ್ರಶ್ನೆ ಬೇರೆಯೇ. ೨೦೦೬ರ ನಿಯಮಗಳು ಜಾಹೀರಾತನ್ನು ಗಂಟೆಗೆ ೫ ನಿಮಿಷಗಳಿಗೆ ಮಿತಿಗೊಳಿಸಿದವು. ಸಾರ್ವಜನಿಕ ಹಿತದ ಮಾಹಿತಿಗಾಗಿ ಸರ್ಕಾರಗಳೂ ಇತರ ಸಂಸ್ಥೆಗಳೂ ಪ್ರಾಯೋಜಿಸುವ ಕಾರ್ಯಕ್ರಮಗಳನ್ನುಳಿದು ಬೇರೆ ಪ್ರಾಯೋಜಿತ ಕಾರ್ಯಕ್ರಮಗಳಿಗೆ ಎಡೆಯಿರಲಿಲ್ಲ.