ಕಡತವೂ ಅಂಚೆಯೂ: ಕಚೇರಿಯ ಕಾಲಗಣನೆಯ ಕಥೆ

ಈಗಿನ ಸರ್ಕಾರಿ ಕಚೇರಿಯ ಗುಮಾಸ್ತನು ಬೆಳಗ್ಗೆ ಪೀಠದಲ್ಲಿ ಕುಳಿತೊಡನೆ ಗಣಕಯಂತ್ರದಲ್ಲಿ ನೋಡತಕ್ಕವುಗಳು ಮೂರು: ಬಂದ ಮಿಂಚಂಚೆ, ಆ ದಿನದ ಕೆಲಸಗಳನ್ನು ಗಂಟೆಗಂಟೆಗೆ ಹಂಚಿ ತೋರಿಸುವ ದಿನಸೂಚಿ, ತೀರ್ಮಾನಕ್ಕೆ ಕಾದಿರುವ ಕಡತಗಳ ಪಟ್ಟಿ. ಯಂತ್ರವು ಹೊಸದಾದರೂ ಇವುಗಳನ್ನು ಕರೆಯುವ ಮಾತುಗಳು ಹೊಸವಲ್ಲ. ಅಂಚೆಯೆಂಬುದೂ ಕಡತವೆಂಬುದೂ ಮೈಸೂರು ಸೀಮೆಯ ಚಾವಡಿಗಳಲ್ಲಿ ಶತಮಾನಗಳ ಕಾಲ ಬಳಕೆಯಲ್ಲಿದ್ದ ಶಬ್ದಗಳು. ಕಡೂರು, ತರೀಕೆರೆ, ಅಜ್ಜಂಪುರಗಳ ಪ್ರಾಂತದಲ್ಲಿ ಈ ಎರಡು ಶಬ್ದಗಳ ಹಿಂದಿನ ಚರಿತ್ರೆಯನ್ನು ಹುಡುಕಹೊರಟರೆ, ಕಚೇರಿಯ ಕಾಲವು ಯಾರ ಅನುಕೂಲಕ್ಕಾಗಿ ನಡೆಯಬೇಕೆಂಬ ಹಳೆಯ ವ್ಯಾಜ್ಯವೊಂದು ಎದುರಾಗುತ್ತದೆ.

ಕಡತವೆಂದರೆ ಮೊದಲು ಕಾಗದದ ಕಟ್ಟಲ್ಲ, ಬಟ್ಟೆ. ಹುಣಿಸೆಬೀಜದ ಸರಿಯಲ್ಲಿ ಇದ್ದಲಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಚಿದರೆ ಕಡತವಾಯಿತು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ವರ್ತಕರೂ ಶಾನುಭೋಗರೂ ಲೆಕ್ಕವನ್ನು ಹೀಗೆಯೇ ಇಡುತ್ತಿದ್ದರು. ಇದರ ಗುಣವೂ ದೋಷವೂ ಒಂದೇ: ಬರೆದುದನ್ನು ಅಳಿಸಬಹುದು. ತೀರಿದ ಕೆಲಸವನ್ನು ಒರಸಿ ಅಲ್ಲಿಯೇ ಹೊಸದನ್ನು ಬರೆಯಲು ಇದಕ್ಕಿಂತ ಸುಲಭವಾದ ಸಾಧನವಿಲ್ಲ. ಆದರೆ ತೀರದ ಕೆಲಸವನ್ನು ಒರಸಿದರೆ ಕೇಳುವವರಾರು?

ಅಂಚೆಯ ಏರ್ಪಾಡನ್ನು ಕ್ರಮಪಡಿಸಿದ ಕೀರ್ತಿಯು ಚಿಕ್ಕದೇವರಾಜ ಒಡೆಯರಿಗೆ (1673–1704) ಸಲ್ಲುತ್ತದೆ. ರಾಜ್ಯದ ಕೆಲಸವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದ ಅಠಾರಾ ಕಚೇರಿಯೂ ಅವರದೇ. ಇವೆರಡೂ ಒಬ್ಬ ದೊರೆಯ ಕಾಲದಲ್ಲಿ ಹುಟ್ಟಿದುದು ಆಕಸ್ಮಿಕವಾಗಿರಲಾರದು. ಕೆಲಸವನ್ನು ಹಂಚಿದ ಮೇಲೆ, ಹಂಚಿದ ಕೆಲಸವು ಎಲ್ಲಿಗೆ ಬಂದಿತೆಂಬ ವರ್ತಮಾನವು ಬೇಕಷ್ಟೆ. ಅಂಚೆಯವರು ಓಲೆಗಳನ್ನು ಒಯ್ಯುವುದರ ಜೊತೆಗೆ ಊರೂರಿನ ಗುಟ್ಟುಗಳನ್ನೂ ದೊರೆಗೆ ಅರಿಕೆ ಮಾಡಬೇಕಾಗಿದ್ದಿತು. ಈಗಿನ ಮಿಂಚಂಚೆಯನ್ನು ಮೇಲಧಿಕಾರಿಗಳು ಓದಬಹುದೇ ಎಂದು ಶಂಕಿಸುವ ನೌಕರರು ಈ ಸಂಗತಿಯನ್ನು ತಿಳಿದಿರುವುದು ಒಳ್ಳೆಯದು. ಮೈಸೂರಿನ ಈ ಸ್ವಂತ ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆಯಲ್ಲಿ ಸೇರಿಹೋಯಿತು.

ಅದೇ ದೊರೆಯ ಕಾಲದ ಬೆಣ್ಣೆ ಚಾವಡಿಯು ಅರಮನೆಯ ಹಸುಗಳ ಇಲಾಖೆ. ಟಿಪ್ಪು ಸುಲ್ತಾನನು ಅದಕ್ಕೆ ಅಮೃತಮಹಲೆಂದು ಹೆಸರನ್ನು ಬದಲಾಯಿಸಿದನು. ಅಜ್ಜಂಪುರದ ಹೆಸರು ದೂರದೇಶಗಳಲ್ಲಿ ಕೇಳಿಬರುವುದು ಈ ತಳಿಯ ಸಂವರ್ಧನ ಕೇಂದ್ರದಿಂದಲೇ. ಕಾಲವನ್ನು ಮುಂದಾಗಿ ಗೊತ್ತುಮಾಡಿ ಕೆಲಸವನ್ನು ಅದಕ್ಕೆ ಹೊಂದಿಸುವ ವಿದ್ಯೆಯು ಕಚೇರಿಯ ಒಳಗಿಗಿಂತ ಈ ಕಾವಲುಗಳ ಬಯಲಿನಲ್ಲಿ ಚೆನ್ನಾಗಿ ಬೆಳೆದಿದ್ದಿತೆಂದು ಹೇಳಬಹುದು. ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರು ಬಗೆಯಾಗಿ ವಿಂಗಡಿಸಿ, ಋತು ತಿರುಗಿದಂತೆ ಹಿಂಡುಗಳನ್ನು ಒಂದರಿಂದ ಮತ್ತೊಂದಕ್ಕೆ ನಡೆಸುತ್ತಿದ್ದರು. ನೆರಳೂ ನೀರೂ ಇರುವ ಕೆರೆಯ ಬದಿಯ ಕಾವಲು ಬೇಸಗೆಗೆ ಮೀಸಲು. ಅದನ್ನು ಮಾರ್ಗಶಿರದಲ್ಲಿಯೇ ಮೇಯಿಸಿ ಮುಗಿಸಿದವನಿಗೆ ಚೈತ್ರದಲ್ಲಿ ಶಿಕ್ಷೆಯನ್ನು ವಿಧಿಸಲು ಬೇರೆ ಅಧಿಕಾರಿಯು ಬೇಕಾಗಿರಲಿಲ್ಲ. ಈ ಎತ್ತುಗಳ ಬಲದಿಂದ ಹೈದರನು ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದನೆಂಬುದು ಪ್ರಸಿದ್ಧವಾಗಿದೆ. ಟಿಪ್ಪುವು ಇಲಾಖೆಗೆ ಹುಕುಂನಾಮೆಯನ್ನು ಬರೆಯಿಸಿ, ವರ್ಷಕ್ಕೊಮ್ಮೆ ಹಿಂಡುಗಳ ಹಾಜರಿಯ ವಿಷಯದಲ್ಲಿ ಬಹಳ ಆಸ್ಥೆಯನ್ನು ವಹಿಸಿದನು. ಪಂಚಾಂಗವನ್ನೇ ತಿದ್ದಿದ ದೊರೆ ಆತ. ಅಹಮದಿಯಿಂದ ಆರಂಭವಾಗುವ ಅವನ ತಿಂಗಳುಗಳ ಹೆಸರು ಹೊಸವಾದರೂ, ಲೆಕ್ಕವು ನಮ್ಮ ಚಾಂದ್ರಮಾನದ ಅಧಿಕಮಾಸಗಳನ್ನು ಬಿಟ್ಟಿರಲಿಲ್ಲ. ಬೆಳೆ ಕೊಯ್ಲಾಗದೆ ಕಂದಾಯವು ಬಾರದಷ್ಟೆ.

1799ರ ತರುವಾಯ ಹಿಂಡುಗಳು ಕುಂಪಣಿಯ ಸೈನ್ಯದ ಕೈಸೇರಿದವು. 1860ರಲ್ಲಿ ಮದರಾಸಿನ ಗವರ್ನರಾಗಿದ್ದ ಸರ್ ಚಾರ್ಲ್ಸ್ ಟ್ರೆವೆಲಿಯನ್ನರು ಮಿತವ್ಯಯದ ಹೆಸರಿನಲ್ಲಿ ಇಲಾಖೆಯನ್ನು ಎತ್ತಿಹಾಕಿದರು, ಹಸುಗಳು ಹರಾಜಾದವು. ಆರು ವರ್ಷ ಕಳೆಯುವುದರೊಳಗೆ ತಪ್ಪು ತಿಳಿದು, 1866ರಲ್ಲಿ ಇಲಾಖೆಯನ್ನು ಪುನಃ ಸ್ಥಾಪಿಸಬೇಕಾಯಿತು. ಕಚೇರಿಯ ಲೆಕ್ಕದ ವರ್ಷಕ್ಕೆ ಹನ್ನೆರಡೇ ತಿಂಗಳು. ಹುಟ್ಟಿದ ಕರುವು ನೊಗಕ್ಕೆ ಬರಬೇಕಾದರೆ ಮೂರು ನಾಲ್ಕು ವರ್ಷಗಳು ಬೇಕು. ಗವರ್ನರವರ ಮೇಜಿನ ಮೇಲೆ ಮೊದಲನೆಯ ಲೆಕ್ಕ ಮಾತ್ರವಿದ್ದಿತೆಂದು ತೋರುತ್ತದೆ.

ಗಡಿಯಾರದ ದೊರೆತನವು ಈ ಪ್ರಾಂತಕ್ಕೆ ರೈಲಿನೊಡನೆ ಬಂದಿತು. ಬೆಂಗಳೂರಿನಿಂದ ಹೊರಟ ದಾರಿಯು ಬೀರೂರು, ಅಜ್ಜಂಪುರಗಳ ಮೇಲೆ ಹರಿಹರವನ್ನು ಮುಟ್ಟಿದುದು 1889ರಲ್ಲಿ, ಎಂದರೆ ಹಳೆಯ ಅಂಚೆಯು ಅಡಗಿದ ವರ್ಷದಲ್ಲಿಯೇ. ಬೀರೂರಿನಿಂದ ಶಿವಮೊಗ್ಗೆಯ ದಾರಿಯು 1899ರಲ್ಲಿ ತೆರೆಯಿತು. ಆಗಿನ ರೈಲುಗಳು ಅನುಸರಿಸುತ್ತಿದ್ದುದು ಮದರಾಸಿನ ಕಾಲ. ಅದು ಅಜ್ಜಂಪುರದ ಸೂರ್ಯನಿಗಿಂತ ಸುಮಾರು 17 ನಿಮಿಷ ಮುಂದು. 1906ರಲ್ಲಿ ಭಾರತದ ಸಾಮಾನ್ಯ ಕಾಲವು ಬಂದ ಮೇಲೆ ಅಂತರವು 26 ನಿಮಿಷವಾಯಿತು. ಈಗಲೂ ಅಜ್ಜಂಪುರದಲ್ಲಿ ಸೂರ್ಯನು ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಹನ್ನೆರಡೂವರೆಗೆ ಹತ್ತಿರವಾಗಿರುತ್ತದೆ. ಗಣಕದ ದಿನಸೂಚಿಯಾದರೋ ಒಳಗೆ ಇಡೀ ಲೋಕಕ್ಕೆ ಒಂದೇ ಕಾಲವನ್ನಿಟ್ಟುಕೊಂಡು, ನಮಗೆ ಐದೂವರೆ ಗಂಟೆ ಕೂಡಿಸಿ ತೋರಿಸುತ್ತದೆ.

ಮಿಂಚಂಚೆಯನ್ನು ಒಂದು ಯಂತ್ರದಿಂದ ಬೇರೊಂದಕ್ಕೆ ಮೊದಲು ಕಳುಹಿಸಿದವರು 1971ರಲ್ಲಿ ಅಮೇರಿಕದ ರೇ ಟಾಮ್ಲಿನ್‌ಸನ್ನರು. ಆದರೆ ಗುಮಾಸ್ತರ ಮೇಜಿನ ನಿಜವಾದ ಅರಸು ಬಹುಕಾಲ ಆವಕ ಜಾವಕದ ಪುಸ್ತಕವೇ ಆಗಿದ್ದಿತು. ಬಂದ ಟಪಾಲಿಗೆ ಒಂದು ನಂಬರು, ಹೋದುದಕ್ಕೆ ಮತ್ತೊಂದು. ನಡುವಣ ಕಾಲವು ಕಟ್ಟಿನೊಳಗೆ ಮಲಗಿರುತ್ತಿತ್ತು. ಅರ್ಜಿದಾರನಾದ ರೈತನು ತಾಲೂಕು ಕಚೇರಿಯ ಜಗಲಿಯಲ್ಲಿ ಕಳೆದ ದಿನಗಳನ್ನು ಬರೆಯುವುದಕ್ಕೆ ಆ ಪುಸ್ತಕದಲ್ಲಿ ಅಂಕಣವಿರಲಿಲ್ಲ. ಉಳುಮೆಯ ಹದವು ಕಾಯುವುದಿಲ್ಲವಾದುದರಿಂದ ಅವನ ಪಾಲಿಗೆ ಒಂದು ದಿನವೆಂಬುದು ಕೆಲವು ವೇಳೆ ಒಂದು ವರ್ಷಕ್ಕೆ ಸಮನಾಗುವುದುಂಟು.

ಈ ಶತಮಾನದ ಆದಿಯಲ್ಲಿ ಬಂದ ಭೂಮಿ ಯೋಜನೆಯಿಂದ ಪಹಣಿಗಳು ಗಣಕಕ್ಕೆ ಏರಿದವು. ಖಾತೆ ಬದಲಾವಣೆಯ ಅರ್ಜಿಗಳಲ್ಲಿ ಮೊದಲು ಬಂದುದನ್ನು ಮೊದಲು ತೀರಿಸಬೇಕೆಂಬ ನಿಯಮವನ್ನು ಯಂತ್ರದೊಳಗೇ ಇಟ್ಟರು. ಬೇಕಾದವರ ಕಾಗದವನ್ನು ಕಟ್ಟಿನ ಮೇಲಕ್ಕೆ ತರುವ ಹಳೆಯ ಕೈಚಳಕಕ್ಕೆ ಅಲ್ಲಿ ಎಡೆ ಕಡಿಮೆ. ಇದಕ್ಕಿಂತ ಮುಂದೆ ಹೋದುದು 2011ರ ಸೇವಾ ಖಾತರಿಯ ಅಧಿನಿಯಮ. ಔರಾದ್, ಚಿತ್ರದುರ್ಗ, ಧಾರವಾಡ, ಪುತ್ತೂರು ತಾಲೂಕುಗಳಲ್ಲಿ ಪರೀಕ್ಷಿಸಿ, 2012ರ ಏಪ್ರಿಲ್ 2ರಿಂದ ಸಕಾಲವೆಂಬ ಹೆಸರಿನಲ್ಲಿ ರಾಜ್ಯಾದ್ಯಂತ ಇದನ್ನು ಜಾರಿಗೆ ತಂದರು. ಆರಂಭದಲ್ಲಿ ಇದರ ವ್ಯಾಪ್ತಿಗೆ ಬಂದುವು 11 ಇಲಾಖೆಗಳ 151 ಸೇವೆಗಳು. ಒಂದೊಂದು ಸೇವೆಗೂ ಇಷ್ಟು ದಿನವೆಂದು ಗಡುವು; ಒಂದೊಂದು ಅರ್ಜಿಗೂ 15 ಅಂಕಿಗಳ ಸಂಖ್ಯೆ. ಆ ಸಂಖ್ಯೆಯಿಂದ ತನ್ನ ಕಾಗದವು ಎಲ್ಲಿದೆಯೆಂದು ರೈತನು ಮನೆಯಲ್ಲಿದ್ದೇ ತಿಳಿಯಬಹುದು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿನಂತೆ, 500 ರೂಪಾಯಿಗೆ ಮೀರದಂತೆ, ಪರಿಹಾರವನ್ನು ಕೊಡಿಸಿ, ಆ ಹಣವನ್ನು ತಪ್ಪಿತಸ್ಥ ನೌಕರನ ಸಂಬಳದಿಂದ ವಸೂಲು ಮಾಡತಕ್ಕದ್ದೆಂದು ಅಧಿನಿಯಮವು ವಿಧಿಸಿತು. ಮೊತ್ತವು ಅಲ್ಪವೇ ಸರಿ. ಆದರೂ ರೈತನು ಕಾದ ದಿನಕ್ಕೆ ಕಚೇರಿಯ ಲೆಕ್ಕದಲ್ಲಿ ಬೆಲೆಯನ್ನು ಬರೆದುದು ಆಗಲೇ.